ಒಳಾಂಗಣ ಕ್ಲೈಂಬಿಂಗ್ ಜಿಮ್‌ಗೆ ಮೊದಲ ಭೇಟಿ: ಬೀಳುವುದರಿಂದ ಶುರುವಾಗುವ ಸಮಗ್ರ ಮಾರ್ಗದರ್ಶಿ

ಕರ್ನಾಟಕದವರಿಗೆ ಬಂಡೆ ಹತ್ತುವುದು ಹೊಸದೇನಲ್ಲ. ರಾಮನಗರ, ಸಾವನದುರ್ಗ, ಬಾದಾಮಿ, ಹಂಪಿಗಳಿಗೆ ದೇಶವಿದೇಶಗಳ ಕ್ಲೈಂಬರ್‌ಗಳು ಬಹಳ ಹಿಂದಿನಿಂದಲೂ ಬರುತ್ತಿದ್ದಾರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ ಅಭ್ಯಾಸ ಮಾಡಿದವರು ಎಷ್ಟೋ ಮಂದಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅಂದರೆ 2021ರಲ್ಲಿ, ಸ್ಪೋರ್ಟ್ ಕ್ಲೈಂಬಿಂಗ್ ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಚಾವಣಿಯ ಕೆಳಗೆ ಬಣ್ಣಬಣ್ಣದ ಹಿಡಿಕೆಗಳನ್ನು ಜೋಡಿಸಿದ ಜಿಮ್‌ಗಳಿಗೆ ಈಗ ಕಚೇರಿ ಮುಗಿಸಿದವರು, ಕಾಲೇಜು ಹುಡುಗ ಹುಡುಗಿಯರು, ಮಕ್ಕಳನ್ನು ಕರೆದುಕೊಂಡ ತಂದೆ ತಾಯಿಯರು ಎಲ್ಲರೂ ಹೋಗುತ್ತಿದ್ದಾರೆ.

ಹಾಗೆ ಹೋದವರಲ್ಲಿ ಅನೇಕರು ಎರಡನೆಯ ಬಾರಿ ಹೋಗುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲೇ ಮುಂಗೈ ಬಿಗಿದು ಕಲ್ಲಾಗುತ್ತದೆ, ಬೆರಳಿನ ಚರ್ಮ ಉರಿಯುತ್ತದೆ, ಮೇಲೆ ಹೋದ ಮೇಲೆ ಕೆಳಗೆ ಬರುವುದು ಹೇಗೆಂದು ತಿಳಿಯದೆ ಎದೆ ಹೊಡೆದುಕೊಳ್ಳುತ್ತದೆ. "ನನ್ನ ತೋಳಿನಲ್ಲಿ ಶಕ್ತಿಯಿಲ್ಲ, ಇದು ನನಗಲ್ಲ" ಎಂದು ತೀರ್ಮಾನಿಸಿ ಹೊರಟುಬಿಡುತ್ತಾರೆ. ಈ ತೀರ್ಮಾನ ನನಗೆ ನಿಜಕ್ಕೂ ನೋವು ತರುತ್ತದೆ, ಏಕೆಂದರೆ ಅವರಿಗೆ ಕೊರತೆಯಾಗಿದ್ದದ್ದು ಶಕ್ತಿಯಲ್ಲ. ಬೀಳುವುದನ್ನೂ ಇಳಿಯುವುದನ್ನೂ ಯಾರೂ ಸಮಾಧಾನದಿಂದ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ. ಮೊದಲ ದಿನದ ಗುರಿ ಗೋಡೆಯ ತುದಿಯಾಗಿರಬಾರದು, ನೆಲವಾಗಿರಬೇಕು. ಈ ಬರಹದ ಹಂತಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಹಂತ 1: ಎಂಥ ಗೋಡೆ ಎಂದು ತಿಳಿದುಕೊಳ್ಳಿ

ಜಿಮ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಗೋಡೆಗಳಿರುತ್ತವೆ. ಮೊದಲನೆಯದು ಬೌಲ್ಡರಿಂಗ್. ಗೋಡೆಯ ಎತ್ತರ ಸುಮಾರು 4ರಿಂದ 4.5 ಮೀಟರ್, ಹಗ್ಗವಿಲ್ಲ, ಕೆಳಗೆ ದಪ್ಪನೆಯ ಮ್ಯಾಟ್ ಹಾಸಿರುತ್ತದೆ. ಇಲ್ಲಿನ ಪುಟ್ಟ ಪುಟ್ಟ ಹಾದಿಗಳನ್ನು "ಪ್ರಾಬ್ಲಮ್" ಎನ್ನುತ್ತಾರೆ. ಎರಡನೆಯದು ಹಗ್ಗದ ಗೋಡೆ. ಅದರಲ್ಲೂ ಹೊಸಬರಿಗೆ ಸಿಗುವುದು ಟಾಪ್ ರೋಪ್: ಹಗ್ಗ ಮೇಲಿನ ಆಧಾರದ ಮೂಲಕ ಹಾದು ಬಂದಿರುತ್ತದೆ, ಒಂದು ತುದಿ ಹತ್ತುವವರ ಸೊಂಟದಲ್ಲಿ, ಇನ್ನೊಂದು ಕಡೆ ಕೆಳಗೆ ನಿಂತು ಹಗ್ಗ ನಿಭಾಯಿಸುವ ಬಿಲೇಯರ್ ಕೈಯಲ್ಲಿ. ಕೆಲವು ಕಡೆ ಬಿಲೇಯರ್ ಬದಲಿಗೆ ತಾನೇ ಪಟ್ಟಿಯನ್ನು ಸುತ್ತಿಕೊಂಡು, ನೀವು ಕೈಬಿಟ್ಟಾಗ ನಿಧಾನವಾಗಿ ಕೆಳಗಿಳಿಸುವ ಆಟೊ ಬಿಲೇ ಯಂತ್ರವಿರುತ್ತದೆ.

ಒಬ್ಬರೇ ಹೋಗುವುದಾದರೆ ಬೌಲ್ಡರಿಂಗ್ ಅಥವಾ ಆಟೊ ಬಿಲೇ ಅನುಕೂಲ. ಕಣಕಾಲು, ಮಂಡಿ, ಬೆನ್ನಿನಲ್ಲಿ ಹಳೆಯ ತೊಂದರೆಯಿದ್ದರೆ ಬೌಲ್ಡರಿಂಗ್‌ಗಿಂತ ಹಗ್ಗದ ಗೋಡೆಯೇ ಮೇಲು. ಬೌಲ್ಡರಿಂಗ್‌ನಲ್ಲಿ ಪ್ರತಿ ಬಾರಿ ಬಿದ್ದಾಗಲೂ ನೆಲ ತಾಕಲೇಬೇಕು. ಗರ್ಭಿಣಿಯರು ಬೌಲ್ಡರಿಂಗ್ ಮಾಡಬಾರದು. ಭುಜ ಕೀಲು ತಪ್ಪಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಹೊರಡಿ.

ಫೋನ್ ಮಾಡಿ ಕೇಳಬೇಕಾದ ಸಂಗತಿಗಳು: ಹೊಸಬರಿಗೆ ಪರಿಚಯ ತರಗತಿ ಇದೆಯೇ, ಶೂ ಮತ್ತು ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳಲು ಸೊಂಟಕ್ಕೂ ತೊಡೆಗೂ ಹಾಕುವ ಪಟ್ಟಿ) ಬಾಡಿಗೆ ಶುಲ್ಕದಲ್ಲೇ ಸೇರಿದೆಯೇ, ಮಕ್ಕಳಿಗೆ ಕನಿಷ್ಠ ವಯಸ್ಸೆಷ್ಟು, ಜನಸಂದಣಿ ಕಡಿಮೆ ಇರುವ ಹೊತ್ತು ಯಾವುದು. ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ವಾರಾಂತ್ಯದ ಸಂಜೆಗಿಂತ ವಾರದ ನಡುವಿನ ಬೆಳಿಗ್ಗೆ ಹೊಸಬರಿಗೆ ಎಷ್ಟೋ ಪಾಲು ಚೆನ್ನ. ಸಿಬ್ಬಂದಿಗೆ ನಿಮ್ಮೊಂದಿಗೆ ನಿಂತು ಮಾತನಾಡಲು ಪುರುಸೊತ್ತು ಇರುತ್ತದೆ, ಎಲ್ಲರೂ ನೋಡುತ್ತಿದ್ದಾರೆ ಎಂಬ ಸಂಕೋಚವೂ ಕಾಡುವುದಿಲ್ಲ.

ಹಂತ 2: ಮನೆಯಿಂದ ಹೊರಡುವ ಮುನ್ನ

ಉಗುರು ಕತ್ತರಿಸಿ, ಕಾಲಿನದ್ದನ್ನೂ ಸೇರಿಸಿ. ಮಂಡಿ ಸಲೀಸಾಗಿ ಎದೆಯವರೆಗೆ ಬರುವಂಥ ಪ್ಯಾಂಟ್ ಹಾಕಿಕೊಳ್ಳಿ. ಹಗ್ಗದ ಗೋಡೆಯಾದರೆ ತೀರಾ ಗಿಡ್ಡ ಚಡ್ಡಿ ಬೇಡ, ಹಾರ್ನೆಸ್‌ನ ತೊಡೆಪಟ್ಟಿ ಚರ್ಮವನ್ನು ಉಜ್ಜುತ್ತದೆ. ಎರಡು ಗಂಟೆ ಮೊದಲೇ ಇಡ್ಲಿಯೋ ಬಾಳೆಹಣ್ಣೋ, ಹೊಟ್ಟೆಗೆ ಭಾರವಾಗದ್ದು ಏನಾದರೂ ತಿಂದಿರಿ. ನೀರಿನ ಬಾಟಲಿ ಜೊತೆಗಿರಲಿ.

ಒಡವೆಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮೈಮೇಲೆ ಇರುವ ಎಲ್ಲವೂ ಜಿಮ್‌ನವರ ಪಟ್ಟಿಯಲ್ಲಿ ಇರುವುದಿಲ್ಲ. ಉಂಗುರವನ್ನು ಕಡ್ಡಾಯವಾಗಿ ತೆಗೆಯಿರಿ. ಹಿಡಿಕೆಯ ಅಂಚಿಗೋ ಬೋಲ್ಟಿಗೋ ಉಂಗುರ ಸಿಕ್ಕಿಕೊಂಡು ದೇಹ ಕೆಳಗೆ ಬಿದ್ದರೆ ಬೆರಳಿನ ಚರ್ಮವೇ ಸುಲಿದು ಬರಬಹುದು, ಬೆರಳನ್ನೇ ಕಳೆದುಕೊಂಡವರಿದ್ದಾರೆ. ಬಳೆ, ಗಡಿಯಾರ, ಕೈದಾರ, ದೊಡ್ಡ ಓಲೆ ಎಲ್ಲವೂ ಚೀಲದೊಳಗೆ ಹೋಗಲಿ. ಕಾಲುಂಗುರ ಇದ್ದರೆ ಬಿಗಿಯಾದ ಕ್ಲೈಂಬಿಂಗ್ ಶೂನಲ್ಲಿ ಅದು ಪಕ್ಕದ ಬೆರಳನ್ನು ಒತ್ತಿ ಗಾಯ ಮಾಡುತ್ತದೆ. ಕಾಲ್ಗೆಜ್ಜೆ ಕೂಡ ಬೇಡ. ಮಾಂಗಲ್ಯದ ಸರ ತೆಗೆಯಲು ಮನಸ್ಸಿಲ್ಲದಿದ್ದರೆ ಮೈಗಂಟುವ ಒಳ ಉಡುಪಿನೊಳಗೆ ಸೇರಿಸಿ, ಹೊರಗೆ ಜೋತಾಡದಂತೆ ನೋಡಿಕೊಳ್ಳಿ. ದಪ್ಪ ಉಡಿದಾರವಿದ್ದರೆ ಹಾರ್ನೆಸ್‌ನ ಸೊಂಟಪಟ್ಟಿಯ ಅಡಿಗೆ ಸಿಗದಂತೆ ಸರಿಸಿಕೊಳ್ಳಿ. ಉದ್ದ ಕೂದಲನ್ನು ತುರುಬು ಕಟ್ಟಿ. ಸಡಿಲ ಜಡೆ ಬಿಲೇ ಸಾಧನದೊಳಗೆ (ಬಿಲೇಯರ್ ಹಗ್ಗ ಹಾಯಿಸಿ ಹಿಡಿಯುವ ಸಾಧನ) ಎಳೆದುಕೊಂಡು ಹೋಗುವುದುಂಟು. ದುಪಟ್ಟಾ ಬೇಡವೇ ಬೇಡ. ಜೇಬಿನಲ್ಲಿ ಕೀಲಿಕೈ, ಮೊಬೈಲ್ ಇಟ್ಟುಕೊಂಡು ಬಿದ್ದರೆ ಸೊಂಟದ ಮೂಳೆಗೆ ಪೆಟ್ಟು.

ಹಂತ 3: ಕೌಂಟರಿನಲ್ಲಿ

ಬಾಗಿಲಲ್ಲೇ ನಿಮ್ಮ ಕೈಗೆ ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ ಅಥವಾ ಮೊಬೈಲಿನಲ್ಲಿ ತುಂಬಿಸುತ್ತಾರೆ. ಅಪಾಯದ ಅರಿವು ನನಗಿದೆ ಎಂದು ನೀವು ಸಹಿ ಮಾಡುವ ಪತ್ರ ಅದು. ಓದಿ ಸಹಿ ಹಾಕಿ. ಆರೋಗ್ಯದ ಪ್ರಶ್ನೆಗಳಿಗೆ ನಿಜ ಬರೆಯಿರಿ. 18 ವರ್ಷದೊಳಗಿನವರ ಪರವಾಗಿ ಪೋಷಕರೇ ಸಹಿ ಹಾಕಬೇಕಾಗುತ್ತದೆ, ಆದ್ದರಿಂದ ಅಕ್ಕನ ಮಗನನ್ನೋ ಪಕ್ಕದ ಮನೆಯ ಹುಡುಗಿಯನ್ನೋ ಕರೆದುಕೊಂಡು ಹೋಗುವವರು ಮೊದಲೇ ಅವರ ತಂದೆ ತಾಯಿಯಿಂದ ಸಹಿ ಮಾಡಿಸಿಕೊಳ್ಳಿ.

"ನಾನು ಮೊದಲ ಬಾರಿ ಬಂದಿದ್ದೇನೆ" ಎಂದು ಗಟ್ಟಿಯಾಗಿ ಹೇಳಿ. ಈ ಒಂದು ಮಾತಿನಿಂದ ನಿಮ್ಮ ಇಡೀ ದಿನ ಬದಲಾಗುತ್ತದೆ. ಪರಿಚಯ ಮಾಡಿಕೊಡದೆ ಗೋಡೆಯತ್ತ ಕೈತೋರಿಸಿ ಸುಮ್ಮನಾಗುವ ಜಿಮ್ ಆದರೆ, ಬೀಳುವುದನ್ನು ತೋರಿಸಿಕೊಡಿ ಎಂದು ನೀವೇ ಕೇಳಿ. ಅದು ನಿಮ್ಮ ಹಕ್ಕು. ಕೇಳಿದರೂ ಯಾರೂ ಬಾರದಿದ್ದರೆ ಆ ಜಾಗ ಹೊಸಬರಿಗೆ ತಕ್ಕದ್ದಲ್ಲ ಎಂದೇ ನನ್ನ ಅಭಿಪ್ರಾಯ.

ಹಂತ 4: ಶೂ ಆರಿಸುವುದು

ಕ್ಲೈಂಬಿಂಗ್ ಶೂ ನಡೆಯಲು ಮಾಡಿದ್ದಲ್ಲ. ಅಡಿಭಾಗದ ರಬ್ಬರ್ ನುಣುಪಾಗಿ, ಅಂಟುವಂತೆ ಇರುತ್ತದೆ. ತುದಿಯಲ್ಲಿ ಹೆಬ್ಬೆರಳಿನ ಬಲವನ್ನೆಲ್ಲ ಒಂದು ಬಿಂದುವಿಗೆ ತರುವ ಆಕಾರವಿರುತ್ತದೆ. ಬೆರಳುಗಳು ಮುಂತುದಿಯನ್ನು ಮುಟ್ಟಬೇಕು, ಹಿಮ್ಮಡಿ ಸಡಿಲವಾಗಿ ಜಾರಬಾರದು, ಆದರೆ ನಿಂತಾಗ ಕಣ್ಣಲ್ಲಿ ನೀರು ಬರಬಾರದು. ಬಹಳ ಬಿಗಿಯಿದ್ದರೆ ಚೆನ್ನಾಗಿ ಹತ್ತಬಹುದು ಎಂದು ಯಾರಾದರೂ ಹೇಳಿದರೆ ಮೊದಲ ದಿನ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಬಾಡಿಗೆ ಶೂ ಎಂದರೆ ಹಲವರ ಕಾಲು ಹೊಕ್ಕ ಶೂ. ತೆಳುವಾದ ಕಾಲುಚೀಲ ತೆಗೆದುಕೊಂಡು ಹೋಗಿ. ಶೌಚಾಲಯಕ್ಕೆ ಹೋಗುವಾಗ ಶೂ ಬಿಚ್ಚಿಡಿ. ಆ ಅಡಿಭಾಗ ತಾಕಿದ ಹಿಡಿಕೆಗಳನ್ನೇ ನೀವೂ ಬೇರೆಯವರೂ ಕೈಯಿಂದ ಹಿಡಿಯುವುದು.

ಹಂತ 5: ಬೀಳುವುದನ್ನು ಕಲಿಯಿರಿ

ಮೈ ಬೆಚ್ಚಗಾಗಲು ಹತ್ತು ನಿಮಿಷ ಭುಜ, ಮಣಿಕಟ್ಟು, ಸೊಂಟ ತಿರುಗಿಸಿ, ಕೆಲವು ಬಸ್ಕಿ ಹೊಡೆಯಿರಿ. ಆಮೇಲೆ ಗೋಡೆ ಹತ್ತದೆ ಮ್ಯಾಟ್ ಮೇಲೆ ನಿಂತೇ ಅಭ್ಯಾಸ ಶುರುಮಾಡಿ.

ಎರಡೂ ಪಾದಗಳು ಭುಜದಷ್ಟು ಅಗಲದಲ್ಲಿ ಒಟ್ಟಿಗೆ ನೆಲ ತಾಕಲಿ. ತಾಕಿದ ಕೂಡಲೇ ಮಂಡಿ ಮಡಚಿ, ಕುಕ್ಕರಗಾಲಲ್ಲಿ ಕೂರುವಂತೆ ಕುಸಿದು, ಪೃಷ್ಠದ ಮೇಲೆ ಕುಳಿತು, ದುಂಡಗಾದ ಬೆನ್ನಿನ ಮೇಲೆ ಹಿಂದಕ್ಕೆ ಉರುಳಿ. ಗದ್ದ ಎದೆಗೆ ತಾಗಿರಲಿ. ಕೈಗಳೆರಡೂ ಎದೆಯ ಮೇಲೆ ಅಡ್ಡಲಾಗಿರಲಿ. ಕಷ್ಟವಾಗುವುದು ಈ ಕೊನೆಯ ಭಾಗವೇ. ಬೀಳುವಾಗ ಕೈಯನ್ನು ಹಿಂದಕ್ಕೆ ಊರಬೇಕೆಂದು ದೇಹ ತಾನಾಗಿ ಹಟ ಹಿಡಿಯುತ್ತದೆ; ಮಣಿಕಟ್ಟು, ಮೊಣಕೈ ಮುರಿಯುವುದು ಹಾಗೆ ಊರಿದಾಗಲೇ. ಕೈ ಎದೆಗೆ ಬರುವುದು ಅಭ್ಯಾಸವಾಗುವವರೆಗೆ ಉರುಳಿ. ನಂತರ ಗೋಡೆಯ ಮೇಲೆ ಮಂಡಿಯೆತ್ತರಕ್ಕೆ ಏರಿ ಬೀಳಿ, ಆಮೇಲೆ ಸೊಂಟದೆತ್ತರಕ್ಕೆ. ನಿಂತ ಕಾಲಲ್ಲೇ ಬಿಗಿಯಾಗಿ ನಿಲ್ಲಲು ಯತ್ನಿಸಬೇಡಿ, ಆ ಹೊಡೆತವೆಲ್ಲ ಕಣಕಾಲು ಮತ್ತು ಮಂಡಿಗೆ ಹೋಗುತ್ತದೆ.

ಬೀಳುವುದು ಬಂತೆಂದು ಪ್ರತಿ ಬಾರಿ ತುದಿಯಿಂದ ಜಿಗಿಯಬೇಕಿಲ್ಲ. ದೊಡ್ಡ ಹಿಡಿಕೆಗಳನ್ನು ಹಿಡಿದುಕೊಂಡು ಅರ್ಧದಷ್ಟಾದರೂ ಇಳಿದು, ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಕೈಬಿಡಿ. ಇಳಿಯುವಾಗ ಕಣ್ಣು ಕಾಲಿನ ಮೇಲೆ ಇರಬೇಕಾಗುತ್ತದೆ, ಮತ್ತು ಆ ಅಭ್ಯಾಸ ಹತ್ತುವಾಗಲೂ ಉಳಿಯುತ್ತದೆ.

ಹಂತ 6: ಗೋಡೆಯನ್ನು ಓದುವುದು

ಬಹುತೇಕ ಜಿಮ್‌ಗಳಲ್ಲಿ ಒಂದೇ ಬಣ್ಣದ ಹಿಡಿಕೆಗಳು ಸೇರಿ ಒಂದು ಹಾದಿ. ಎರಡೂ ಕೈಗಳನ್ನು ಇಡಬೇಕಾದ ಆರಂಭದ ಹಿಡಿಕೆಗೆ ಗುರುತು ಅಂಟಿಸಿರುತ್ತಾರೆ. ಕೊನೆಯ ಹಿಡಿಕೆಯನ್ನು ಎರಡೂ ಕೈಗಳಿಂದ ಹಿಡಿದು ಒಂದು ಕ್ಷಣ ಸ್ಥಿರವಾಗಿ ನಿಂತರೆ ಹಾದಿ ಮುಗಿದಂತೆ.

ಕಷ್ಟದ ಮಟ್ಟ ತಿಳಿಸಲು ಬೌಲ್ಡರಿಂಗ್‌ನಲ್ಲಿ ಎರಡು ಅಳತೆಗಳು ರೂಢಿಯಲ್ಲಿವೆ: ಅಮೆರಿಕದ ಟೆಕ್ಸಾಸ್‌ನ ಹ್ಯೂಕೊ ಟ್ಯಾಂಕ್ಸ್ ಬಂಡೆಗಳಲ್ಲಿ ಹುಟ್ಟಿದ ವಿ ಅಳತೆ, ಫ್ರಾನ್ಸ್‌ನ ಫಾಂಟೆನ್‌ಬ್ಲೋ ಕಾಡಿನ ಬಂಡೆಗಳಿಂದ ಬಂದ ಫಾಂಟ್ ಅಳತೆ. ವಿ ಅಳತೆಯಲ್ಲಿ ವಿ0 ಸುಲಭದ್ದು, ವಿ17 ಈಗ ಜಗತ್ತಿನ ಬೆರಳೆಣಿಕೆಯ ಜನರಿಗೆ ಮಾತ್ರ ದಕ್ಕಿದ್ದು. ಎಷ್ಟೋ ಜಿಮ್‌ಗಳು ಈ ಸಂಖ್ಯೆಗಳ ಬದಲು ತಮ್ಮದೇ ಬಣ್ಣದ ಪಟ್ಟಿ ಹಾಕಿರುತ್ತವೆ. ಒಂದು ಜಿಮ್‌ನ ಹಸಿರು ಇನ್ನೊಂದರ ಹಸಿರಿಗೆ ಸಮನಲ್ಲ, ಹಾಗಾಗಿ ಅಂಕಿಗಳ ಬಗ್ಗೆ ತಲೆ ಕೆಡಿಸಿಕೊಳ್ಳದೆ ಅತಿ ಸುಲಭದ ಬಣ್ಣ ಯಾವುದೆಂದು ಕೇಳಿ ಅಲ್ಲಿಂದ ಶುರುಮಾಡಿ. ಹಾದಿಗಳನ್ನು ಜೋಡಿಸುವವರು ರೂಟ್ ಸೆಟ್ಟರ್‌ಗಳು. ಅವರು ಆಗಾಗ ಹಳೆಯದನ್ನು ಕಿತ್ತು ಹೊಸದನ್ನು ಕಟ್ಟುತ್ತಾರೆ, ಆದ್ದರಿಂದ ಇಂದು ಬಿಟ್ಟುಹೋದ ಹಾದಿ ಮುಂದಿನ ತಿಂಗಳು ಇಲ್ಲದಿರಬಹುದು.

ಹಿಡಿಕೆಗಳಲ್ಲಿ ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಜಗ್: ಬೆರಳೆಲ್ಲ ಒಳಗೆ ಕೂರುವ, ನಂಬಿ ಜೋತಾಡಬಹುದಾದ ಹಿಡಿಕೆ. ಕ್ರಿಂಪ್ ಎಂದರೆ ಬೆರಳ ತುದಿಗಷ್ಟೇ ಜಾಗವಿರುವ ತೆಳು ಅಂಚು. ಸ್ಲೋಪರ್ ದುಂಡಗೆ, ಹಿಡಿಯಲು ಅಂಚೇ ಇಲ್ಲದೆ ಅಂಗೈಯ ಘರ್ಷಣೆಯಿಂದಲೇ ನಿಲ್ಲುವಂಥದ್ದು. ಪಿಂಚ್ ಹೆಬ್ಬೆರಳಿನಿಂದ ಹಿಸುಕಿ ಹಿಡಿಯುವಂಥದ್ದು. ಮೊದಲ ತಿಂಗಳುಗಳಲ್ಲಿ ಕ್ರಿಂಪ್‌ಗಳಿಂದ ಆದಷ್ಟು ದೂರವಿರಿ.

ಹಂತ 7: ಹತ್ತುವುದು

ಮಲೆನಾಡಿನಲ್ಲಿ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಅಡಿಕೆ ಮರ ಏರುವವರನ್ನು ನೋಡಿದ್ದರೆ ಈ ಹಂತ ನಿಮಗೆ ಅರ್ಧ ಗೊತ್ತಿದ್ದಂತೆಯೇ. ಅವರ ದೇಹವನ್ನು ಮೇಲಕ್ಕೆ ತಳ್ಳುವುದು ಕಾಲು. ಕೈ ಮರವನ್ನು ತಬ್ಬಿ ಹಿಡಿದುಕೊಳ್ಳುತ್ತದೆ, ಅಷ್ಟೆ. ಗೋಡೆಯಲ್ಲೂ ಲೆಕ್ಕ ಅದೇ.

ಪಾದದ ನಡುಭಾಗವನ್ನು ಹಿಡಿಕೆಯ ಮೇಲೆ ಇಟ್ಟು ನಿಲ್ಲುವುದು ಹೊಸಬರೆಲ್ಲರ ಅಭ್ಯಾಸ. ನೆಲದ ಮೇಲೆ ನಾವು ನಿಲ್ಲುವುದೇ ಹಾಗೆ. ಆದರೆ ಹಾಗೆ ಇಟ್ಟ ಪಾದ ತಿರುಗುವುದಿಲ್ಲ, ಮಂಡಿ ಗೋಡೆಗೆ ತಾಗಿ ಸೊಂಟ ಹೊರಗೆ ಉಳಿಯುತ್ತದೆ, ಭಾರವೆಲ್ಲ ಕೈಗೆ ಬೀಳುತ್ತದೆ. ಹೆಬ್ಬೆರಳಿನ ತುದಿಯನ್ನು ಇಡಿ. ಗೋಡೆಯ ಬಳಿ ಕುಳಿತು ಅನುಭವಿ ಹುಡುಗಿಯೊಬ್ಬಳ ಪಾದಗಳನ್ನಷ್ಟೇ ಐದು ನಿಮಿಷ ನೋಡಿ. ಪಾದ ಹಿಡಿಕೆಯ ಬಳಿ ಬಂದೊಡನೆ ಅವಳ ಚಲನೆ ನಿಧಾನವಾಗುತ್ತದೆ. ಕಣ್ಣು ಆ ಹಿಡಿಕೆಯನ್ನು ಬಿಡುವುದಿಲ್ಲ. ತುದಿ ಸದ್ದಿಲ್ಲದೆ ಕೂರುತ್ತದೆ. ಹಿಮ್ಮಡಿ ತುಸು ತಗ್ಗುತ್ತದೆ. ಅದೇ ತುದಿಯ ಮೇಲೆ ಪಾದ ತಿರುಗಿ ಸೊಂಟದ ಒಂದು ಪಕ್ಕ ಗೋಡೆಗೆ ಅಂಟುತ್ತದೆ. ಆಮೇಲಷ್ಟೇ ಕೈ ಮೇಲಕ್ಕೆ ಹೋಗುತ್ತದೆ. ನಿಮ್ಮ ಪಾದದಿಂದ ಧಪ್ ಎಂಬ ಸದ್ದು ಬರುತ್ತಿದ್ದರೆ ನೀವು ಇನ್ನೂ ಕಾಲನ್ನು ನೋಡುತ್ತಿಲ್ಲ ಎಂದರ್ಥ.

ಕೈಗೆ ಸಂಬಂಧಿಸಿದ್ದು ಒಂದೇ ಮಾತು: ನಿಂತಾಗ ತೋಳನ್ನು ನೇರವಾಗಿ ಬಿಡಿ. ಮೊಣಕೈ ಮಡಚಿಕೊಂಡು ನಿಂತರೆ ಸ್ನಾಯು ಸದಾ ಬಿಗಿದಿರುತ್ತದೆ, ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಹಿಸುಕುತ್ತದೆ. ಮುಂಗೈ ಕಲ್ಲಾಗುವುದು ಹೀಗೆ. ಹಿಡಿತ ಸಾಧ್ಯವಾದಷ್ಟು ಸಡಿಲವಿರಲಿ.

ಒಂದು ಪ್ರಯತ್ನದ ನಂತರ ಮೂರು ನಾಲ್ಕು ನಿಮಿಷ ಕುಳಿತುಕೊಳ್ಳಿ. ಬಿದ್ದ ಕೂಡಲೇ ಎದ್ದು ಮತ್ತೆ ಗೋಡೆಗೆ ಹಾರುವವರು ಬೇಗ ಸೋಲುತ್ತಾರೆ. ಚಾಕ್ ಪುಡಿ ಬೆವರು ಹೀರಲು ಮಾತ್ರ. ಅದು ಮೆಗ್ನೀಸಿಯಂ ಕಾರ್ಬೊನೇಟ್, 1950ರ ದಶಕದಲ್ಲಿ ಅಮೆರಿಕದ ಜಾನ್ ಗಿಲ್ ಜಿಮ್ನಾಸ್ಟಿಕ್ಸ್‌ನಿಂದ ಬಂಡೆಗೆ ತಂದದ್ದು. ತೆಳುವಾಗಿ ಸವರಿಕೊಂಡರೆ ಸಾಕು. ಹಿಟ್ಟಿನಂತೆ ಮೆತ್ತಿಕೊಂಡರೆ ಕೈ ಇನ್ನೂ ಜಾರುತ್ತದೆ, ಗಾಳಿಯಲ್ಲಿ ಹಾರಿದ್ದು ಪಕ್ಕದವರ ಉಸಿರಿಗೆ ಸೇರುತ್ತದೆ.

ಹಂತ 8: ಹಗ್ಗದ ಗೋಡೆಯಾದರೆ

ಇಲ್ಲಿ ಆತುರಕ್ಕೆ ಜಾಗವೇ ಇಲ್ಲ. ಹಾರ್ನೆಸ್‌ನ ಸೊಂಟಪಟ್ಟಿ ಸೊಂಟದ ಮೂಳೆಗಳಿಗಿಂತ ಮೇಲೆ ಕೂರಬೇಕು, ಕೆಳಕ್ಕೆ ಎಳೆದರೆ ಜಾರಬಾರದು. ಪುಟ್ಟ ಮಕ್ಕಳಿಗೆ ಸೊಂಟ ಕಿರಿದು, ತಲೆಯ ಕಡೆ ಭಾರ ಹೆಚ್ಚು. ತಲೆಕೆಳಗಾದರೆ ಜಾರಿಬೀಳುವ ಸಂಭವವಿರುವುದರಿಂದ ಅವರಿಗೆ ಭುಜಪಟ್ಟಿಯೂ ಇರುವ ಪೂರ್ಣ ದೇಹದ ಹಾರ್ನೆಸ್ ಕೇಳಿ.

ಹಗ್ಗವನ್ನು ಕಟ್ಟುವುದು ಎಂಟರ ಆಕಾರದ ಗಂಟಿನಿಂದ. ಮೊದಲ ದಿನ ಸಿಬ್ಬಂದಿಯೇ ಕಟ್ಟುತ್ತಾರೆ, ಆದರೂ ನೀವು ನೋಡಲು ಕಲಿಯಿರಿ. ಹಗ್ಗ ಹಾರ್ನೆಸ್‌ನ ಮುಂದಿನ ಎರಡೂ ಕುಣಿಕೆಗಳ ಮೂಲಕ, ಅಂದರೆ ತೊಡೆಪಟ್ಟಿ ಸೇರುವ ಕಡೆ ಮತ್ತು ಸೊಂಟಪಟ್ಟಿಯ ಕಡೆ, ಹಾದಿರಬೇಕು. ಪಕ್ಕದಲ್ಲಿ ಸಲಕರಣೆ ನೇತುಹಾಕಲು ಇರುವ ಬಳೆಗಳು ಮನುಷ್ಯನ ಭಾರ ಹೊರಲು ಮಾಡಿದ್ದಲ್ಲ. ಗಂಟಿನಲ್ಲಿ ಹಗ್ಗ ಎಲ್ಲೆಡೆ ಜೋಡಿಯಾಗಿ ಸಾಗಬೇಕು: ಎಣಿಸಿದರೆ ಐದು ಜೋಡಿ ಸಿಗಬೇಕು. ತುದಿ ಒಂದು ಗೇಣಿನಷ್ಟಾದರೂ ಉಳಿದಿರಬೇಕು. ಬಿಲೇಯರ್ ನಿಮ್ಮ ಗಂಟನ್ನೂ ಬಕಲ್ಲನ್ನೂ ನೋಡಲಿ, ನೀವು ಅವರ ಬಿಲೇ ಸಾಧನದಲ್ಲಿ ಹಗ್ಗ ಸರಿಯಾಗಿ ಕೂತಿದೆಯೇ, ಕ್ಯಾರಬಿನರ್‌ನ (ಸಾಧನವನ್ನು ಹಾರ್ನೆಸ್‌ಗೆ ಸೇರಿಸುವ ಲೋಹದ ಕೊಂಡಿ) ಬೀಗ ತಿರುಗಿಸಿದೆಯೇ ನೋಡಿ. ಹದಿನೈದು ವರ್ಷದ ಅನುಭವಿಯಾದರೂ ಈ ಪರಸ್ಪರ ಪರೀಕ್ಷೆ ಬಿಡಬಾರದು.

ಬಿಲೇ ಮಾಡಲು ನೀವೇ ಕಲಿಯುವುದಾದರೆ ಜಿಮ್‌ನ ತರಬೇತುದಾರರಿಂದಲೇ ಕಲಿತು, ಅವರ ಪರೀಕ್ಷೆ ಪಾಸಾಗಿ ಮಾಡಿ. ಬ್ರೇಕ್ ಕೈ, ಅಂದರೆ ಬಿಲೇ ಸಾಧನದಿಂದ ಹೊರಬರುವ ಹಗ್ಗವನ್ನು ಹಿಡಿದು ತಡೆಯುವ ಕೈ, ಯಾವ ಕಾರಣಕ್ಕೂ ಹಗ್ಗ ಬಿಡಬಾರದು, ಹಗ್ಗ ತಂತಾನೆ ಬಿಗಿಯುವ ಗ್ರಿಗ್ರಿಯಂಥ ಸಾಧನ ಬಳಸಿದರೂ ಸರಿ.

ಆಟೊ ಬಿಲೇ ಗೋಡೆಗಳಲ್ಲಿ ಯಂತ್ರ ಕೈಕೊಡುವುದಕ್ಕಿಂತ ಹೆಚ್ಚಾಗಿ ಕೇಳಿಬರುವುದು ಇನ್ನೊಂದು ಬಗೆಯ ಅಪಘಾತ: ಕೊಂಡಿ ಹಾಕಿಕೊಳ್ಳುವುದನ್ನೇ ಮರೆತು ಹತ್ತಿಬಿಡುವುದು. ಗೋಡೆ ಮುಟ್ಟುವ ಮೊದಲು ಕೊಂಡಿಯನ್ನು ಕೈಯಿಂದ ಎಳೆದು ನೋಡಿ. ಯಂತ್ರಕ್ಕೆ ಕನಿಷ್ಠ ತೂಕದ ಮಿತಿಯಿರುತ್ತದೆ. ಮಗು ಬಹಳ ಹಗುರವಿದ್ದರೆ ಸಿಬ್ಬಂದಿಯನ್ನು ಕೇಳಿ.

ಎತ್ತರದ ಭಯವಿದ್ದವರಿಗೆ ನಾನು ಹೇಳುವ ಕ್ರಮ ಇದು. ಎರಡು ಮೀಟರ್ ಏರಿ, ಹಗ್ಗ ಬಿಗಿಮಾಡಲು ಹೇಳಿ, ಕೈ ಬಿಟ್ಟು ಹಾರ್ನೆಸ್‌ನಲ್ಲಿ ಕುಳಿತುಬಿಡಿ. ಪಾದ ಗೋಡೆಗೆ ಒತ್ತಿ, ಕಾಲು ನೀಡಿ, ಹಿಂದಕ್ಕೆ ವಾಲಿ. ಹಗ್ಗ ಹಿಡಿದಿದೆ ಎಂಬುದು ಬುದ್ಧಿಗೆ ಗೊತ್ತಿದ್ದರೆ ಸಾಲದು, ಬೆನ್ನಿಗೂ ಗೊತ್ತಾಗಬೇಕು. ಮುಂದಿನ ಬಾರಿ ಇನ್ನೆರಡು ಮೀಟರ್ ಮೇಲೆ ಹೋಗಿ ಅದನ್ನೇ ಮಾಡಿ. ತುದಿ ತಲುಪದೆ ಇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹಂತ 9: ಜಿಮ್‌ನ ರೀತಿ ರಿವಾಜು

ಮ್ಯಾಟ್ ಮೇಲೆ ಕೂರಬೇಡಿ, ಹತ್ತುತ್ತಿರುವವರ ಕೆಳಗೆ ನಡೆಯಬೇಡಿ. ಮಕ್ಕಳನ್ನು ಕರೆತಂದವರು ಇದನ್ನು ಮತ್ತೆ ಮತ್ತೆ ನೋಡಿಕೊಳ್ಳಬೇಕು. ಮೇಲಿಂದ ಬೀಳುವವರಿಗೆ ಕೆಳಗಿನ ಮಗು ಕಾಣುವುದಿಲ್ಲ. ಹಾದಿಗಳು ಒಂದನ್ನೊಂದು ದಾಟುತ್ತವೆ, ಆದ್ದರಿಂದ ಹೊರಡುವ ಮುನ್ನ ಮೇಲೆ ನೋಡಿ, ಸರದಿ ಕಾಯಿರಿ. ನೀರಿನ ಬಾಟಲಿ, ಚಾಕ್ ಚೀಲ, ಮೊಬೈಲ್ ಇವನ್ನೆಲ್ಲ ಬೀಳುವ ಜಾಗದಿಂದ ದೂರ ಇಡಿ.

ಹತ್ತುವ ಬಗೆಯ ಸುಳಿವನ್ನು ಕ್ಲೈಂಬರ್‌ಗಳು ಬೀಟಾ ಎನ್ನುತ್ತಾರೆ. ಕೇಳದೆ ಬೀಟಾ ಕೊಡಬಾರದು ಎಂಬುದು ಎಲ್ಲ ಕಡೆಯ ರೂಢಿ. ತಾನೇ ಯೋಚಿಸಿ ಬಿಡಿಸುವ ಸಂತೋಷವನ್ನು ಕಿತ್ತುಕೊಂಡಂತಾಗುತ್ತದೆ. ಆದರೆ ನೀವಾಗಿ ಕೇಳಿದರೆ, ಪರಿಚಯವಿಲ್ಲದವರೂ ಎದ್ದು ಬಂದು ತೋರಿಸುತ್ತಾರೆ. ಗೋಡೆಯೆದುರು ಅಪರಿಚಿತರು ಹೀಗೆ ಒಂದೇ ಹಾದಿಯ ಬಗ್ಗೆ ಕೈ ಆಡಿಸುತ್ತಾ ಮಾತಾಡುವುದನ್ನು ನೋಡುವುದೇ ನನಗೆ ಈ ಆಟದಲ್ಲಿ ಅತ್ಯಂತ ಪ್ರಿಯವಾದದ್ದು.

ಹಂತ 10: ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಬರಬೇಕು

ಹೊಸಬರಿಗೆ ಒಂದೂವರೆ ಗಂಟೆ ಧಾರಾಳ. "ಇನ್ನೊಂದೇ ಸಲ" ಎಂದು ಹೊರಡುವ ದಣಿದ ಪ್ರಯತ್ನಗಳಲ್ಲೇ ಗಾಯಗಳಾಗುವುದು ಹೆಚ್ಚು. ಸುಲಭವೆನಿಸಿದ ಹಾದಿಯಲ್ಲಿ ಕೈ ತೆರೆದುಕೊಳ್ಳತೊಡಗಿದರೆ ಶೂ ಬಿಚ್ಚಿ. ಕೈ ತೊಳೆದು, ರಾತ್ರಿ ಅಂಗೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಚರ್ಮ ಕಿತ್ತಿದ್ದರೆ ಎಳೆಯದೆ ಚೊಕ್ಕವಾಗಿ ಕತ್ತರಿಸಿ ಪಟ್ಟಿ ಹಾಕಿ. ಮುಂಗೈ, ಬೆನ್ನಿನ ಸ್ನಾಯು ನೋವು ಎರಡು ಮೂರು ದಿನ ಇರುವುದು ಸಹಜ. ಬೆರಳಿನ ಬುಡದಲ್ಲಿ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವು, ಊತ, ಅಥವಾ ಪಟ್ ಎಂದ ಸದ್ದು ಕೇಳಿದ್ದರೆ ಅದು ಬೇರೆ. ಹತ್ತುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಡುವೆ ಎರಡು ದಿನ ಬಿಟ್ಟು, ವಾರಕ್ಕೆ ಎರಡು ಬಾರಿ ಬಂದರೆ ಸಾಕು. ಸ್ನಾಯು ಕೆಲವು ವಾರಗಳಲ್ಲೇ ಬಲಗೊಳ್ಳುತ್ತದೆ, ಸ್ನಾಯುರಜ್ಜುಗಳು ಹದವಾಗಲು ತಿಂಗಳುಗಳೇ ಬೇಕು. ಮೂಲೆಯಲ್ಲಿ ಕಾಣುವ, ಬೆರಳಿನಲ್ಲಿ ಜೋತುಬೀಳುವ ಹಲಗೆಗಳನ್ನು ಮೊದಲ ವರ್ಷ ಮುಟ್ಟಬೇಡಿ. ಬೆಳೆಯುವ ಮಕ್ಕಳಿಗಂತೂ ಅವು ಬೇಡ, ಬೆರಳಿನ ಎಳೆಮೂಳೆಗೆ ಪೆಟ್ಟಾಗುತ್ತದೆ.

ಹಂತ 11: ಬಂಡೆಯ ಕಡೆಗೆ

ಚಿತ್ರದುರ್ಗದ ಕೋಟೆ ಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ವಿಡಿಯೊ ನೋಡಿಯೇ ಎಷ್ಟೋ ಮಂದಿಗೆ ಈ ಆಸೆ ಹುಟ್ಟುತ್ತದೆ. ಆಸೆ ಒಳ್ಳೆಯದೇ. ಆದರೆ ಆ ದಾರಿ ಅವರ ದೀರ್ಘ ಸಾಧನೆಯದು, ಅದನ್ನು ಅನುಕರಿಸಬೇಡಿ. ಜಿಮ್‌ನಲ್ಲಿ ಕೆಲವು ತಿಂಗಳು ಕಳೆದ ಮೇಲೆ ಹೊರಗೆ ಹೋಗಬೇಕೆನಿಸಿದರೆ ಅನುಭವಿ ಮಾರ್ಗದರ್ಶಕರ ಜೊತೆ, ಹೆಲ್ಮೆಟ್ ಹಾಕಿಕೊಂಡು ಹೋಗಿ. ಹೊರಗೆ ಹಿಡಿಕೆಗಳಿಗೆ ಬಣ್ಣವಿಲ್ಲ, ಮ್ಯಾಟ್ ನೀವೇ ಹೊತ್ತು ತರಬೇಕು, ಮೇಲಿನ ಆಧಾರವನ್ನು ಯಾರು ಕಟ್ಟಿದರೆಂದು ನೀವೇ ವಿಚಾರಿಸಬೇಕು. ಬಾದಾಮಿಯ ಕೆಂಪು ಮರಳುಗಲ್ಲನ್ನು ಮಳೆಯ ಮರುದಿನ ಹತ್ತಬೇಡಿ; ನೀರು ಹೀರಿದ ಮರಳುಗಲ್ಲು ದುರ್ಬಲವಾಗಿ ಹಿಡಿಕೆ ಕಿತ್ತು ಬರಬಹುದು. ರಾಮನಗರದಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅಲ್ಲಿ ಅರಣ್ಯ ಇಲಾಖೆಯ ನಿಯಮ ಕೇಳಿ ತಿಳಿದುಕೊಳ್ಳಿ. ಯಾವ ಬೆಟ್ಟವಾದರೂ ಚೀಲದಿಂದ ಹಗ್ಗ ತೆಗೆಯುವ ಮೊದಲು ಬಂಡೆಯ ಚಾಚಿನ ಕೆಳಗೆಲ್ಲ ಕಣ್ಣಾಡಿಸಿ. ಹೆಜ್ಜೇನು ಕಟ್ಟಿದ್ದರೆ ಮಾತಿನ ಸದ್ದು ತಗ್ಗಿಸಿ, ಆ ಬಂಡೆಯನ್ನು ಬಿಟ್ಟು ಮುಂದಿನದಕ್ಕೆ ನಡೆಯಿರಿ.